ದೀಪದ ಕಂಬಕ್ಕೆ ಕಟ್ಟಿದ ಬಲೂನುಗಳು

ಆ ಮಂಗಳವಾರ ಸಂಜೆ ನಾಲ್ಕು ಗಂಟೆ ಹದಿನೆಂಟು ನಿಮಿಷಕ್ಕೆ ಗಾಳಿ ಎದ್ದಿತು. ಸಮಯದ ವಿಷಯದಲ್ಲಿ ನನ್ನನ್ನು ನಂಬಬಹುದು. ನನ್ನ ಕೈಗಡಿಯಾರಕ್ಕೆ ದಿನಕ್ಕೆ ಎರಡು ನಿಮಿಷ ಮುಂದೋಡುವ ಚಟವಿದ್ದರೂ ಅಂದು ಮಧ್ಯಾಹ್ನ ಕಾರ್ಖಾನೆಯ ಕೂಗಿಗೆ ಅದನ್ನು ಸರಿಮಾಡಿಕೊಂಡಿದ್ದೆ. ಉಳಿದ ವಿಷಯಗಳಲ್ಲಿ ನನ್ನನ್ನು ಎಷ್ಟು ನಂಬಬೇಕೆಂಬುದನ್ನು ಇದನ್ನು ಓದಿದ ಮೇಲೆ ನೀವೇ ತೀರ್ಮಾನಿಸಿ.

ಗಾಳಿಯಿಂದ ಏನೂ ಆಗುತ್ತಿರಲಿಲ್ಲ. ಗಾಳಿ ಎದ್ದಾಗ ನಾನು ಬಾಯಿ ತೆರೆದೆ, ಅದರಿಂದಾಯಿತು. ಶಿಶುವಿಹಾರದ ಮುಂದಿನ ಮೈದಾನದಲ್ಲಿ ಹಗ್ಗಕ್ಕೆ ಕಟ್ಟಿದ್ದ ಇನ್ನೂರು ಗ್ಯಾಸ್ ಬಲೂನುಗಳು ಒಂದಕ್ಕೊಂದು ತಲೆ ಚಚ್ಚಿಕೊಳ್ಳತೊಡಗಿದವು. "ಒಡೆದು ಹೋಗ್ತಾವೆ, ಒಳಗೆ ತನ್ನಿ" ಎಂದೆ. ಮಹಿಳಾ ಸಮಾಜದ ಹೆಂಗಸರು ತಂದರು. "ಎಲ್ಲಿ ಕಟ್ಟೋದು ಮೇಷ್ಟ್ರೇ?" ಎಂದರು. ಒಳಗಿನ ಬೆಂಚುಗಳನ್ನೆಲ್ಲ ಹೊರಗೆ ಸಾಗಿಸಿ ಜಮಖಾನ ಹಾಸಿತ್ತು. ಭಾರವಾದ ವಸ್ತುವೆಂದರೆ ವೇದಿಕೆಯ ಮೇಲಿದ್ದ, ಎದೆಯೆತ್ತರದ ಹಿತ್ತಾಳೆಯ ದೀಪದ ಕಂಬ ಒಂದೇ. "ಅದಕ್ಕೇ ಕಟ್ಟಿ, ನೋಡೋಕೂ ಲಕ್ಷಣವಾಗಿರುತ್ತೆ" ಎಂದೆ.

ನಾನು ಭದ್ರಾವತಿಯ ನ್ಯೂ ಟೌನಿನಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಬಿ.ಎಸ್‌ಸಿ., ಅದೂ ರಸಾಯನಶಾಸ್ತ್ರದಲ್ಲಿ. ಹನ್ನೊಂದು ವರ್ಷದಿಂದ ಪ್ರತಿ ಜುಲೈ ತಿಂಗಳಲ್ಲಿ ಗಾಜಿನ ನಳಿಗೆಯೊಂದರಲ್ಲಿ ಜಲಜನಕ ಹಿಡಿದು, ಉರಿಯುವ ಕಡ್ಡಿಯನ್ನು ಅದರ ಬಾಯಿಗೆ ತೋರಿಸಿ, 'ಪಟ್' ಎಂದು ಸದ್ದಾದ ಕೂಡಲೇ ಹುಡುಗರ ಕಡೆ ತಿರುಗಿ ವಿಜಯದ ನಗೆ ನಗುತ್ತ ಬಂದವನು. ಬಲೂನಿನಲ್ಲಿದ್ದದ್ದೂ ಅದೇ ಜಲಜನಕ. ನಳಿಗೆಯಲ್ಲಿ ಬೆರಳುದ್ದ, ಇಲ್ಲಿ ಇನ್ನೂರು ಬಲೂನು. ಅದರ ಮುಂದೆ ಅರವತ್ತು ಮಕ್ಕಳು, ಮೇಲೆ ಒಣಗಿದ ಅಡಕೆ ಸೋಗೆಯ ಮಾಡು, ಹೊರಗೆ ಹೋಗಲು ಒಂದೇ ಬಾಗಿಲು. ಇಷ್ಟನ್ನೂ ಕೂಡಿಸಿ ನೋಡುವ ಬುದ್ಧಿ ನನ್ನ ಪದವಿಗೆ ಆಗ ಬರಲಿಲ್ಲ. ಪದವಿ ಮನೆಯಲ್ಲಿ ಗೋಡೆಯ ಮೇಲೆ ಚೌಕಟ್ಟಿನೊಳಗೆ ಕ್ಷೇಮವಾಗಿತ್ತು.

ಬಲೂನುಗಳು ಅಲ್ಲಿಗೆ ಹೇಗೆ ಬಂದವೆಂದು ಹೇಳಲು ಕಮಲಮ್ಮನವರಿಂದ ಶುರುಮಾಡಬೇಕು. ಅವರು ನಮ್ಮ ಎದುರು ಮನೆಯವರು, ಮಹಿಳಾ ಸಮಾಜದ ಕಾರ್ಯದರ್ಶಿ. ಓದಿದ್ದು ಲೋಯರ್ ಸೆಕೆಂಡರಿ. ತಂದೆ ಶಿವಮೊಗ್ಗದಲ್ಲಿ ಹೆಸರಾದ ಜೋಯಿಸರಾಗಿದ್ದವರು. ಅವರು ತೀರಿಕೊಂಡ ಮೇಲೆ ಪಂಚಾಂಗ ಮಗಳ ಕೈಗೆ ಬಂತು. ನಮ್ಮ ಬೀದಿಯಲ್ಲಿ ಯಾರಾದರೂ ಹೊಸ ಸೈಕಲ್ ಕೊಳ್ಳುವುದಿರಲಿ, ಮಗುವಿನ ಕಿವಿ ಚುಚ್ಚಿಸುವುದಿರಲಿ, ಮೊದಲ ಮಾತು "ಕಮಲಮ್ಮನ್ನ ಕೇಳ್ಕೊಂಡು ಬಾ" ಎಂಬುದೇ.

ಶಿಶುವಿಹಾರದ ಸೋಗೆ ತೆಗೆಸಿ ಹೆಂಚು ಹಾಕಿಸಬೇಕೆಂಬುದು ಅವರ ಹಟ. ಬೇರೆಯವರಾದರೆ ರಸೀದಿ ಪುಸ್ತಕ ಹಿಡಿದು ಹೊರಡುತ್ತಿದ್ದರು. ಕಮಲಮ್ಮ ಹೊರಡಲಿಲ್ಲ. "ಚಂದಾ ಅಂದ್ರೆ ಯಜಮಾನ್ರು ಮನೇಲಿಲ್ಲ ಅಂತಾರೆ ಮೇಷ್ಟ್ರೇ. ನಿಮ್ಮ ಅಂಗಡಿ ಹೆಸರು ಅಚ್ಚು ಹಾಕಿಸಿ ಊರಿಗೆಲ್ಲ ತೋರಿಸ್ತೀವಿ ಅನ್ನಿ, ಅದೇ ಯಜಮಾನ್ರು ಎದ್ದು ಬಂದು ಕುರ್ಚಿ ಹಾಕ್ತಾರೆ" ಎಂದರು. ಹಿಂದಿನ ಬೇಸಿಗೆಯಲ್ಲಿ ರಟ್ಟಿನ ಬೀಸಣಿಗೆಗಳ ಮೇಲೆ ಅಂಗಡಿಗಳ ಹೆಸರು ಹಾಕಿಸಿ ಮಾರಿ, ಶಿಶುವಿಹಾರದ ಗೋಡೆಗೆ ಗಾರೆ ಮಾಡಿಸಿದ್ದರು. ಅದಕ್ಕೂ ಮೊದಲು, ಕರವಸ್ತ್ರದ ಮೂಲೆಯಲ್ಲಿ ಕೊಂಡವರ ಹೆಸರನ್ನೇ ಕಸೂತಿ ಹಾಕಿಕೊಟ್ಟು ಜಮಖಾನ ತಂದಿದ್ದರು. ನಾನೂ ಒಂದು ಕೊಂಡೆ. ಅದರಲ್ಲಿ ಮೂಗು ಒರೆಸಲು ಇಂದಿಗೂ ಮನಸ್ಸು ಬಂದಿಲ್ಲ, ನನ್ನ ಹೆಸರಿದೆಯಲ್ಲ.

ಹೆಸರಿನ ಆಸೆಯನ್ನು ನಾವು ಸುಮ್ಮನೆ ಹಳಿಯುತ್ತೇವೆ. ನಮ್ಮ ಮನೆಯ ಲೋಟ, ಕೊಳಗ, ಸೌಟುಗಳ ಮೇಲೆಲ್ಲ ನಮ್ಮ ಅತ್ತೆಯವರ ಹೆಸರು ಕೆತ್ತಿದೆ. ಪ್ರತಿ ಗುಟುಕು ಕಾಫಿಗೂ ಅವರನ್ನು ನೆನೆಯದೆ ನನಗೆ ಬಿಡುಗಡೆಯಿಲ್ಲ. ಹಿಂದಿನ ಅರಸರು ಕಲ್ಲಿನ ಮೇಲೆ ಹೆಸರು ಕೆತ್ತಿಸಿ, ಸೂರ್ಯಚಂದ್ರರಿರುವ ತನಕ ಇದು ಬಾಳಲಿ ಎಂದು ಬರೆಸಿದರು. ನಮ್ಮ ಜವಳಿ ಅಂಗಡಿಯವರು ರಬ್ಬರಿನ ಮೇಲೆ ಹಾಕಿಸಿದರು; ಅದು ಬುಧವಾರದ ತನಕ ಬಾಳಿದರೆ ಹೆಚ್ಚು. ಆಸೆಯೇನೋ ಒಂದೇ. ಅರಸರ ಆಸೆಯಿಂದ ನಾಡಿಗೆ ಕೆರೆಗಳಾದವು, ಜವಳಿಯವರ ಆಸೆಯಿಂದ ಮಕ್ಕಳಿಗೆ ಹೆಂಚಾದರೆ ಯಾರಿಗೆ ನಷ್ಟ? ಆಸೆಯನ್ನು ಬಯ್ಯಲು ನಮ್ಮಂಥವರು ಬೇಕಾದಷ್ಟು ಜನರಿದ್ದಾರೆ. ಅದಕ್ಕೊಂದು ಕಾಲುವೆ ತೋಡಿ ಬೇಕಾದ ಕಡೆ ಹರಿಸುವವರು ಅಪರೂಪ.

ಈ ಸಲ ಬಲೂನು ಎಂದು ಕಮಲಮ್ಮ ನಿಶ್ಚಯಿಸಿದ ಮೇಲೆ, ಗ್ಯಾಸು ತುಂಬಲು ಶಿವಮೊಗ್ಗದಿಂದ ಬುಡೇನ್ ಸಾಬರು ಬಂದರು. ಅವರದು ಸೈಕಲ್ ರಿಪೇರಿ ಅಂಗಡಿ. ಸರ್ಕಸ್ಸೋ ವಸ್ತುಪ್ರದರ್ಶನವೋ ನಡೆದಾಗ ಕಬ್ಬಿಣದ ಸಿಲಿಂಡರು ಹೊರಿಸಿಕೊಂಡು ಹೊರಡುವರು. ಸೈಕಲ್ ಪಂಪಿನಿಂದ ಬಲೂನನ್ನು ಅರ್ಧ ಊದಿ, ರಬ್ಬರ್ ಮೊಹರಿನಿಂದ ಹೆಸರು ಒತ್ತಿ, ಮಸಿ ಒಣಗಿದ ಮೇಲೆ ಗಾಳಿ ಬಿಟ್ಟು ಗ್ಯಾಸು ತುಂಬಿದರು. ಗ್ಯಾಸು ಏರಿದಂತೆ ಹೆಸರೂ ಉಬ್ಬುತ್ತಿತ್ತು, ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅಂಗಡಿಯವರ ಮುಖವೂ ಉಬ್ಬುತ್ತಿತ್ತು. ಸಾಬರು ತಮ್ಮ ಬೀಡಿಕಟ್ಟನ್ನು ಮೈದಾನದಾಚೆ ಒಂದು ಕಲ್ಲಿನ ಕೆಳಗೆ ಇಟ್ಟು ಬಂದಿದ್ದರು. "ಇದರ ಹತ್ರ ಬೆಂಕಿ ಅನ್ನೋ ಮಾತೂ ಆಡಬಾರದು ಮೇಷ್ಟ್ರೇ" ಎಂದರು. ನಾನು ಗಂಭೀರವಾಗಿ ತಲೆಯಾಡಿಸಿ, ಏಕೆ ಎಂಬುದನ್ನು ಅವರಿಗೆ ಸಮೀಕರಣ ಸಹಿತ ವಿವರಿಸಿದೆ.

ಬಲೂನು ಮಾರಾಟದ ಸಮಾರಂಭಕ್ಕೆ, ಅಂಗಡಿಗಳಿಗೆ ರಜವೆಂದು ಮಂಗಳವಾರವನ್ನು ಆರಿಸಿದ್ದೆವು. ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲವಾದ್ದರಿಂದ ದೀಪ ಹಚ್ಚಲು ನಾಲ್ಕು ಮೂವತ್ತೈದು ಎಂದು ಕಮಲಮ್ಮನೇ ಮುಹೂರ್ತ ಇಟ್ಟಿದ್ದರು. ಮುಖ್ಯ ಅತಿಥಿ ಒಬ್ಬ ಎಂಜಿನಿಯರು. ಅವರು ಬಂದಾಗ ನಾಲ್ಕು ನಲವತ್ತು. ಮಕ್ಕಳು ಮುಂದೆ, ತಾಯಂದಿರು ಹಿಂದೆ, ಅಂಗಡಿಯವರು ಬದಿಗೆ. ಬಣ್ಣದ ಮೋಡದಂತೆ ಬಲೂನುಗಳು ಸೋಗೆಗೆ ತಾಗಿ ನಿಂತಿದ್ದವು; ದಾರಗಳೆಲ್ಲ ಇಳಿದು ಬಂದು ಎಣ್ಣೆ ತುಂಬಿದ ದೀಪದ ಕೊರಳಿಗೆ ಸೇರಿದ್ದವು. ತಟ್ಟೆಯಲ್ಲಿ ಮೇಣದ ಬತ್ತಿ, ಬೆಂಕಿಪೊಟ್ಟಣ. ನಿಜ ಹೇಳುತ್ತೇನೆ, ಆ ನೋಟ ನೋಡಿ ನನಗೆ ಹೆಮ್ಮೆಯಾಗಿತ್ತು.

ಆಗ ಬಾಗಿಲಲ್ಲಿ ಬುಡೇನ್ ಸಾಬರು ಇಣುಕಿದರು. ಹೊರಗೆ ಸಿಲಿಂಡರು ಕಟ್ಟಿಡುತ್ತಿದ್ದವರು ಸಮಾರಂಭ ನೋಡೋಣವೆಂದು ಬಂದಿದ್ದರು. ಅವರ ಕಣ್ಣು ಬಲೂನಿನಿಂದ ದೀಪಕ್ಕೆ ಇಳಿಯಿತು, ದೀಪದಿಂದ ನನ್ನ ಕಡೆ ಬಂತು. ಆ ಮುಖದ ಬಣ್ಣ ಹೋದದ್ದನ್ನು ನೋಡಿ ನನಗೆ ಹನ್ನೊಂದು ವರ್ಷದ ಪಾಠ ಒಟ್ಟಿಗೆ ನೆನಪಾಯಿತು. ಕೂಗಲು ಹೋದೆ. ದನಿ ಬರಲಿಲ್ಲ. ಹೇಗೋ ಎರಡು ಹೆಜ್ಜೆ ಹಾಕಿ ಕಮಲಮ್ಮನ ಕಿವಿಯ ಹತ್ತಿರ, "ಗ್ಯಾಸು... ಕಿಡಿ ತಾಗಿದ್ರೆ ಎಲ್ಲಾ ಹೊತ್ಕೊಳ್ಳುತ್ತೆ" ಎಂದೆ.

ನಾನು ಆ ಕ್ಷಣಕ್ಕೆ ಮತ್ತೆ ಮತ್ತೆ ಹಿಂದಿರುಗುತ್ತೇನೆ. ಅವರು ನನ್ನನ್ನು ಏಕೆ, ಹೇಗೆ ಎಂದು ಕೇಳಲಿಲ್ಲ. ಬೆಂಕಿ ಎಂದು ಕೂಗಲಿಲ್ಲ. ಕೂಗಿದ್ದರೆ ಆ ಒಂದು ಬಾಗಿಲಲ್ಲಿ ಮಕ್ಕಳ ಗತಿ ಏನಾಗುತ್ತಿತ್ತೋ. ಒಮ್ಮೆ ಮಕ್ಕಳನ್ನು ನೋಡಿದರು, ಒಮ್ಮೆ ಬಾಗಿಲನ್ನು ನೋಡಿದರು. ತಟ್ಟೆಯ ಬೆಂಕಿಪೊಟ್ಟಣವನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ನಗುಮುಖದಿಂದ ಹೇಳಿದರು: "ಸಾರ್, ಒಂದು ಗಳಿಗೆ ತಡೀರಿ. ರಾಹುಕಾಲ ಇನ್ನೂ ಬಿಟ್ಟಿಲ್ಲ."

ಹಿಂದಿನಿಂದ ಒಬ್ಬಾಕೆ, "ನಾಲ್ಕೂವರೆಗೇ ಬಿಡ್ತಲ್ಲ ಕಮಲಮ್ಮ?" ಎಂದಳು.

"ಅದು ಪಟ್ಟಿ ಲೆಕ್ಕ ಮಾರಾಯ್ತಿ. ನಮ್ಮೂರಿಗೆ ಐದರ ತನಕ ಇರುತ್ತೆ ಅಂತ ನಮ್ಮಪ್ಪ ಹೇಳ್ತಿದ್ರು."

ಜೋಯಿಸರ ಹೆಸರು ಬಂದ ಮೇಲೆ ಸಭೆ ತಣ್ಣಗಾಯಿತು. ತಣ್ಣಗಾಗದವರು ಎಂಜಿನಿಯರು ಒಬ್ಬರೇ. "ಬೆಂಕಿಗೆ ರಾಹು ಏನಮ್ಮ, ಕೇತು ಏನು? ನಾನು ಇದನ್ನೆಲ್ಲ ನಂಬೋದಿಲ್ಲ" ಎಂದು ಜೇಬಿನಿಂದ ತಮ್ಮ ಸಿಗರೇಟ್ ಲೈಟರು ತೆಗೆದು ಹೆಬ್ಬೆರಳನ್ನು ಅದರ ಹಲ್ಲುಚಕ್ರದ ಮೇಲಿಟ್ಟರು. "ಏನ್ರೀ ಮೇಷ್ಟ್ರೇ, ಹೋದ ತಿಂಗಳು ಇದೇ ಜಾಗದಲ್ಲಿ ನಿಂತು ರಾಹುಕಾಲ ಮೂಢನಂಬಿಕೆ ಅಂತ ಒಂದು ಗಂಟೆ ಭಾಷಣ ಮಾಡಿದ್ರಂತೆ. ನೀವೇ ಹೇಳಿ."

ಹೋಗಿದ್ದ ದನಿ ಆಗ ಬಂತು. "ರಾಹುಕಾಲ ಇದೆ ಸಾರ್!" ಎಂದು ಕಿರುಚಿದೆ. "ಖಂಡಿತ ಇದೆ! ಬೇಡಿ ಸಾರ್!"

ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಂಜಿನಿಯರೂ ನಕ್ಕರು, ನಗುವಾಗ ಹೆಬ್ಬೆರಳು ಚಕ್ರದಿಂದ ಜಾರಿತು. ಅಷ್ಟರಲ್ಲಿ ಕಮಲಮ್ಮ, "ಸಾಹೇಬ್ರು ಅಲ್ಲಿ ತನಕ ಮೈದಾನದಲ್ಲಿ ಮೊದಲ್ನೇ ಬಲೂನು ಹಾರಿಸ್ತಾರೆ. ಮಕ್ಳೇ, ಸಾಲಾಗಿ ಬನ್ನಿ, ಒಬ್ಬೊಬ್ರಿಗೆ ಮೂರು ಮೂರು. ಓಡಿದವ್ರಿಗೆ ಇಲ್ಲ!" ಎಂದರು. ದೀಪದ ಕೊರಳಿನ ಗಂಟುಗಳನ್ನು ಬಿಚ್ಚುತ್ತ ಅವರು ಬಲೂನು ಹಂಚಿದ ರೀತಿ, ಮನೆಯಲ್ಲಿ ಹೆಸರುಬೇಳೆ ಕೋಸಂಬರಿ ಹಂಚಿದಂತಿತ್ತು. ಬುಡೇನ್ ಸಾಬರು ಬಾಗಿಲಲ್ಲಿ ನಿಂತು, "ಬಾ ಬೇಟಾ, ಬಾ ಕಂದ" ಎಂದು ಒಂದೊಂದು ಮಗುವನ್ನೂ ಹೊರಗೆ ದಾಟಿಸಿದರು. ಜವಳಿ ಅಂಗಡಿಯ ಹೆಸರು ಎಲ್ಲಕ್ಕಿಂತ ಮೊದಲು ಆಕಾಶಕ್ಕೆ ಹೋಯಿತು. ಅದರ ಒಡೆಯರು ಕತ್ತು ನೋಯುವ ತನಕ ನೋಡಿದರು. ಉಳಿದ ಬಲೂನುಗಳೆಲ್ಲ ಅಲ್ಲೇ ಬಯಲಲ್ಲಿ ಮಾರಾಟವಾದವು. ಒಳಗೆ ದೀಪ ಹಚ್ಚಿದ್ದು ಐದೂ ಹತ್ತಕ್ಕೆ, ಬಲೂನಿಲ್ಲದ ಕಂಬದಲ್ಲಿ.

ನಡೆದದ್ದು ಗೊತ್ತಿದ್ದದ್ದು ಮೂವರಿಗೆ. ಊರಿಗೆ ಗೊತ್ತಾದದ್ದು ಇಷ್ಟೇ: ಭಾಷಣ ಮಾಡುವ ಮೇಷ್ಟ್ರು ಒಳಗೊಳಗೇ ರಾಹುಕಾಲಕ್ಕೆ ಹೆದರುತ್ತಾರೆ. ಹುಡುಗರು ನನಗೆ ರಾಹು ಮೇಷ್ಟ್ರು ಎಂದು ಹೆಸರಿಟ್ಟರು. ಹೆಸರಿನ ಆಸೆಯ ಬಗ್ಗೆ ಮೇಲೆ ಬರೆದೆನಲ್ಲ, ಈ ಹೆಸರಿಗೂ ನಾನು ಬೇಸರಪಟ್ಟುಕೊಳ್ಳಲಿಲ್ಲ. ಆದರೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಹಲ್ಲುಚಕ್ರ, ಅದರ ಮೇಲೊಂದು ಹೆಬ್ಬೆರಳು. ಹೆಂಡತಿ ದೇವರ ಮುಂದೆ ದೀಪ ಹಚ್ಚಿದರೆ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ಎದುರು ಮನೆಯಲ್ಲಿಯೂ ನಿದ್ದೆಯಿರಲಿಲ್ಲ. ಒಂದು ದಿನ ಮುಹೂರ್ತ ಕೇಳಲು ಬಂದವರನ್ನು ಕಮಲಮ್ಮ, "ಬೇರೆ ಯಾರನ್ನಾದ್ರೂ ಕೇಳಿ" ಎಂದು ಕಳಿಸಿದ್ದು ನನ್ನ ಕಿವಿಗೆ ಬಿತ್ತು. ಹೋಗಿ ಕೇಳಿದೆ.

"ಜನ ನನ್ನ ಮಾತಿಗೆ ಬೆಲೆ ಕೊಡೋದಿಲ್ಲ ಮೇಷ್ಟ್ರೇ, ಅಪ್ಪನ ಮಾತಿಗೆ ಕೊಡೋದು" ಎಂದರು. "ಅಪ್ಪ ಹಾಗೆ ಹೇಳೇ ಇರಲಿಲ್ಲ. ಸತ್ತೋರ ಬಾಯಲ್ಲಿ ಸುಳ್ಳು ಇಟ್ಟುಬಿಟ್ಟೆ. ಇನ್ನು ಯಾವ ಬಾಯಲ್ಲಿ ಮುಹೂರ್ತ ಹೇಳ್ಲಿ?"

"ಅರವತ್ತು ಮಕ್ಕಳು ಉಳಿದ್ರಲ್ಲ."

"ಉಳಿದ್ರು. ನಾಳೆ ಅದೇ ಪರಿಸ್ಥಿತಿ ಬಂದ್ರೂ ಅದನ್ನೇ ಹೇಳ್ತೀನಿ. ಆದ್ರೆ ನಿದ್ದೆ ಬರೋದಿಲ್ಲ."

ಆ ಮಂಗಳವಾರ ಕಳೆದು ಹದಿನೇಳನೆಯ ದಿನ, ಶುಕ್ರವಾರ, ಶಿವಮೊಗ್ಗಕ್ಕೆ ಹೋಗಿದ್ದೆ. ಬುಡೇನ್ ಸಾಬರಿಗೆ ಒಂದು ಮಾತು ಹೇಳಿ ಬರೋಣವೆಂದು ಅವರ ಅಂಗಡಿಗೆ ನಡೆದೆ. ನಮಾಜು ಮುಗಿಸಿ ಆಗತಾನೆ ಬಂದಿದ್ದರು. ಗೋಡೆಯ ಮೇಲೆ ಉರ್ದುವಿನಲ್ಲಿ ಅಚ್ಚಾದ ಒಂದು ಪಟ್ಟಿ ತೂಗುತ್ತಿತ್ತು. ಕೆಳಗೆ ಮಾತ್ರ ದಪ್ಪ ಕನ್ನಡದಲ್ಲಿ ಒಂದು ಅತ್ತರು ಅಂಗಡಿಯ ಹೆಸರು. ಮಸೀದಿಯ ಬಾವಿಗೆ ಪಂಪು ಹಾಕಿಸಲು ಕಮಿಟಿಯವರು ಅಂಗಡಿಗಳ ಹೆಸರು ಹಾಕಿ ಮಾರಿದ್ದಂತೆ. ಹಾಗಾದರೆ ಅಲ್ಲಿಯೂ ಒಬ್ಬ ಕಮಲಮ್ಮ ಇದ್ದಾರೆ ಎಂದುಕೊಂಡೆ. "ಇದೇನು ಸಾಬ್ರೇ, ಈ ಅಂಕಿಗಳು?"

"ನಮಾಜಿನ ಟೈಮು. ಇದು ನಮ್ಮೂರಲ್ಲಿ ಸೂರ್ಯ ಹುಟ್ಟೋದು, ಇದು ಮುಳುಗೋದು. ದಿನಾ ಬೇರೆ ಬೇರೆ."

ದಿನಾ ಬೇರೆ ಬೇರೆ! ನಾನು ಕುಳಿತಲ್ಲಿಯೇ ನೆಟ್ಟಗಾದೆ. ಪಂಚಾಂಗದ ರಾಹುಕಾಲದ ಪಟ್ಟಿಯಲ್ಲಿ ಸೂರ್ಯ ವರ್ಷವಿಡೀ ಬೆಳಗಿನ ಆರಕ್ಕೆ ಹುಟ್ಟಿ ಸಂಜೆ ಆರಕ್ಕೆ ಮುಳುಗುತ್ತಾನೆ. ಹಗಲನ್ನು ಎಂಟು ಪಾಲು ಮಾಡಿದರೆ ಮಂಗಳವಾರ ಏಳನೆಯ ಪಾಲು ರಾಹುವಿನದು. "ಆ ಮಂಗಳವಾರದ್ದು ಓದಿ ಸಾಬ್ರೇ" ಎಂದೆ. ಹುಟ್ಟಿದ್ದು ಆರು ನಲವತ್ನಾಲ್ಕು, ಮುಳುಗಿದ್ದು ಆರೂವರೆ. ರೈಲಿನಲ್ಲಿ ಹಿಂದಿರುಗುವಾಗ ಟಿಕೆಟ್ಟು ಇಟ್ಟುಕೊಂಡಿದ್ದ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲೇ ಲೆಕ್ಕ ಹಾಕಿದೆ. ಮೂರು ಸಲ ಹಾಕಿದೆ. ರಾಹುಕಾಲವನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಜೀವನದಲ್ಲಿ ಯಾವ ಲೆಕ್ಕವನ್ನೂ ಇಷ್ಟು ಭಕ್ತಿಯಿಂದ ಮಾಡಿಲ್ಲ.

ನೇರವಾಗಿ ಕಮಲಮ್ಮನ ಮನೆಗೆ ಹೋಗಿ, ಪುಸ್ತಕ ಮುಂದಿಟ್ಟೆ. "ನೀವು ಸುಳ್ಳು ಹೇಳ್ಲಿಲ್ಲ. ನಮ್ಮೂರ ಸೂರ್ಯನ ಪ್ರಕಾರ ಅವತ್ತು ರಾಹುಕಾಲ ಮುಗಿದಿದ್ದು ಐದು ಗಂಟೆ ಎರಡು ನಿಮಿಷಕ್ಕೆ."

ಅವರು ಲೆಕ್ಕವನ್ನು ಬೆರಳಿಟ್ಟು ಒಂದೊಂದೇ ಸಾಲು ಓದಿದರು.

"ನಾನು ಐದು ಅಂದಿದ್ದೆ" ಎಂದರು. "ಎರಡು ನಿಮಿಷ ಕಮ್ಮಿ ಹೇಳ್ಬಿಟ್ಟೆ."

"ದೀಪ ಹಚ್ಚಿದ್ದು ಐದೂ ಹತ್ತಕ್ಕಲ್ವೇ?"

"ಹೌದಲ್ಲ! ಸದ್ಯ" ಎಂದು ಆ ಹಾಳೆಯನ್ನು ಹರಿದು ಪಂಚಾಂಗದೊಳಗೆ ಇಟ್ಟುಕೊಂಡರು. ಅದು ನನ್ನ ಪುಸ್ತಕವೆಂಬುದು ಅವರಿಗೆ ನೆನಪಾಗಲಿಲ್ಲ. ನನ್ನನ್ನು ಕಳಿಸಲು ಬಾಗಿಲ ತನಕ ಬಂದವರು, "ಇಷ್ಟು ಲೆಕ್ಕ ಬರೋರು ಅವತ್ತು ಬಲೂನು ಕಟ್ಟಿಸೋವಾಗ ಎಲ್ಲಿ ಹೋಗಿದ್ರಿ ಮೇಷ್ಟ್ರೇ?" ಎಂದು ಕೇಳಿದರು. ಹದಿನೇಳು ದಿನದಲ್ಲಿ ಅವರು ನಕ್ಕದ್ದು ಅದೇ ಮೊದಲು.

ಮಳೆಗಾಲಕ್ಕೆ ಮುಂಚೆ ಹೆಂಚು ಬಂತು. "ಇನ್ನು ಬೇಕಾದ್ರೆ ನಡೆದದ್ದನ್ನ ಬರ್ಕೊಳ್ಳಿ" ಎಂದು ಕಮಲಮ್ಮ ಅಪ್ಪಣೆ ಕೊಟ್ಟದ್ದು ಆಮೇಲೆ. ಆದರೆ ನನ್ನ ಪಾಲಿಗೆ ಈ ಕಥೆ ಮುಗಿದದ್ದು ಆ ಶುಕ್ರವಾರದ ಮರುದಿನ ಬೆಳಿಗ್ಗೆ. ಹೆಂಡತಿ ನೀರಿಗೆ ಹೋಗಿದ್ದ ಹೊತ್ತು ಹಾಲಿನವನು ನಮ್ಮ ಬಾಗಿಲು ಬಡಿದು ಬಡಿದು ಸಾಕಾಗಿ, ಎದುರು ಮನೆಯ ಬಾಗಿಲನ್ನೂ ಬಡಿದು, ಬೀದಿಯ ನಡುವೆ ನಿಂತು, "ಏನ್ರೀ ಇವತ್ತು, ಎರಡೂ ಮನೆಯವ್ರು ಊರಲ್ಲಿಲ್ವಾ?" ಎಂದು ಕೂಗಿದನಂತೆ. ನನಗೆ ಕೇಳಿಸಲಿಲ್ಲ. ಕಮಲಮ್ಮನಿಗೂ ಕೇಳಿಸಲಿಲ್ಲವಂತೆ.