ಗಾಜಿನ ಮನೆಯಲ್ಲಿ ಕಂಬಳಿ ಎಳೆದವರು ಯಾರು?

ನಂಬದವರು ಇಲ್ಲಿಗೇ ಪುಟ ಮಗುಚಿ, ನನಗೇನೂ ಬೇಸರವಿಲ್ಲ. ಸುಳ್ಳು ಹೇಳಿ ಗಿಟ್ಟಿಸಬೇಕಾದ್ದನ್ನೆಲ್ಲ ನಾನು ಎಪ್ಪತ್ತರ ದಶಕದಲ್ಲೇ ಗಿಟ್ಟಿಸಿಕೊಂಡಿದ್ದೇನೆ. ಈಗ ಹೇಳುತ್ತಿರುವುದು ನಡೆದದ್ದು.

ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ ಒಬ್ಬ ಸಾಹುಕಾರರ ಬೀಜದ ತೋಟವಿತ್ತು. ನಾನು ಅಲ್ಲಿ ಸೂಪರ್‌ವೈಸರ್. ನಡುವೆ ಒಂದು ಗಾಜಿನ ಮನೆ, ಒಳಗೆ ಹೊಸ ತಳಿಯ ದೊಣ್ಣೆಮೆಣಸಿನ ಸಸಿಗಳು. ಹಗಲು ಒಳಗೆ ಕಾಲಿಟ್ಟರೆ ಬೇಯುವಷ್ಟು ಶಾಖ, ಮಾಗಿಯ ರಾತ್ರಿ ಸಸಿ ಸಾಯುವಷ್ಟು ಚಳಿ. ಹೀಟರ್ ಹಾಕಿದರೆ ಸಾಹುಕಾರರು ಕರೆಂಟ್ ಮೀಟರ್ ನೋಡಿ ಎದೆ ಹಿಡಿದುಕೊಳ್ಳುತ್ತಿದ್ದರು.

ಉಪಾಯ ಹುಡುಕಿದವನು ಕಾವಲಿನ ಚಿಕ್ಕಣ್ಣ. ಶ್ರೀರಾಂಪುರದ ಕಡೆಯವನು, ಕುರಿ ಕಾಯ್ದೇ ಅರವತ್ತು ದಾಟಿದವನು. ಸಸಿಗಳ ಮೇಲೆ ಹಗ್ಗ ಕಟ್ಟಿ, ಕಂಬಳಿಗಳ ಪರದೆ ಮಾಡಿದ. ಚಳಿ ಏರಿದರೆ ಎಳೆಯುವುದು, ಸೆಖೆಯಾದರೆ ಸರಿಸುವುದು. ಹಗಲಿನ ಶಾಖ ಒಳಗೇ ಉಳಿಯಿತು, ಹೀಟರ್ ಮೂಲೆ ಸೇರಿತು. ಒಂದು ಕಂಬಳಿ ಕಮ್ಮಿ ಬಿದ್ದಾಗ ತಾನು ಹೊದೆಯುವುದನ್ನೇ ಕೊಟ್ಟಿದ್ದ.

"ಯಾವಾಗ ಎಳೀಬೇಕು ಅಂತ ಹೆಂಗೆ ಗೊತ್ತಾಗುತ್ತೆ ನಿನಗೆ?" ಎಂದು ಕೇಳಿದ್ದೆ.

"ಕುರಿಮರಿ ಕಿವಿ ಮುಟ್ಟಿ ಚಳಿ ನೋಡ್ತೀವಲ್ರಿ, ಹಂಗೇ. ಈ ಎಲೆನೂ ಕಿವಿ ಇದ್ದಂಗೇ ಐತೆ."

ಎರಡು ಬೆರಳಲ್ಲಿ ಎಲೆ ಹಿಡಿಯುತ್ತಿದ್ದ. "ಹ್ರ್ರ್... ಹ್ರ್ರ್..." ಎಂದು ಕುರಿ ಸಮಾಧಾನ ಮಾಡುವಂತೆ ಗಂಟಲಲ್ಲೇ ಅನ್ನುತ್ತ ಹಗ್ಗ ಎಳೆಯುತ್ತಿದ್ದ. ಪ್ರತಿ ಸಲವೂ ನಾನು ಥರ್ಮಾಮೀಟರ್ ನೋಡಿ ಬರೆದುಕೊಂಡೆ. ನನ್ನನ್ನು ಸ್ವಾಮಿ ಎಂದೇ ಕರೆಯುತ್ತಿದ್ದ, ಸ್ವಾಮಿಯವರು ತನ್ನಿಂದ ಕೆಲಸ ಕಲಿಯುತ್ತಿದ್ದಾರೆ ಎಂದು ಅವನಿಗೆ ಹೆಮ್ಮೆ.

ನಾನು ಕಲಿತದ್ದು ಯಂತ್ರಕ್ಕಾಗಿ. ಸಾಹುಕಾರರು ಮೋಟರ್ ತರಿಸಿದ್ದರು. ಗೋಡೆಯ ಮೇಲಿನ ಪಾದರಸದ ಕೊಳವೆ ಚಳಿ ಇಷ್ಟಕ್ಕಿಳಿದರೆ ತಾನೇ ಮೋಟರ್ ತಿರುಗಿಸಿ ಪರದೆ ಎಳೆಸಬೇಕು. ಎಷ್ಟಕ್ಕೆ ಎಂಬುದನ್ನು ಚಿಕ್ಕಣ್ಣನ ಬೆರಳಿಂದ ಕದ್ದು ಅದರ ತಿರುಪಿಗೆ ಕೂರಿಸಿದವನು ನಾನು.

"ನನ್ನ ಕೆಲ್ಸ ಹೋಗ್ತೈತಾ ಸ್ವಾಮಿ?"

"ನಾನಿದ್ದೀನಲ್ಲ ಚಿಕ್ಕಣ್ಣ. ಹದಿನೈದು ದಿನ ಊರಲ್ಲಿರು, ಕರೆಸ್ತೀನಿ."

ನಂಬಿ ಹೋದ. ಸಾಹುಕಾರರಿಗೂ ನನಗೂ ಆಗಿದ್ದ ಒಳಗಿನ ಮಾತು ಬೇರೆ ಇತ್ತು. ಹದಿನೈದು ರಾತ್ರಿ ಯಂತ್ರವೊಂದೇ ನಿಭಾಯಿಸಿದರೆ ಮುದುಕನಿಗೆ ಕೆಲಸವಿಲ್ಲ, ನನಗೆ ಮ್ಯಾನೇಜರ್ ಕುರ್ಚಿ. ನಿಭಾಯಿಸದಿದ್ದರೆ ಅವನು ವಾಪಸ್.

ಹದಿನೈದನೆಯ ರಾತ್ರಿ ಕರೆಂಟ್ ಹೋಯಿತು.

ಮಾರಿಕಣಿವೆ ಕಡೆಯಿಂದ ಗಾಳಿ ಬೀಸುತ್ತಿತ್ತು. ಗಾಜುಗಳು ಕಟಕಟ ಅನ್ನುತ್ತಿದ್ದವು. ಬಾಗಿಲಿಗೆ ಒಳಗಿಂದ ಚಿಲಕ ಹಾಕಿ, ಬ್ಯಾಟರಿ ಬಿಟ್ಟು ನೋಡಿದೆ. ಪಾದರಸ ಇಳಿಯುತ್ತಲೇ ಇತ್ತು. ಪರದೆಯನ್ನು ಕೈಯಿಂದ ಎಳೆದೆ, ಮೋಟರಿನ ಹಲ್ಲುಗಳು ಕಚ್ಚಿ ಹಿಡಿದಿದ್ದವು. ಕೈಹಗ್ಗಗಳನ್ನು ಜಾಣತನದಿಂದ ನಾನೇ ಬಿಚ್ಚಿ ಉಗ್ರಾಣಕ್ಕೆ ಹಾಕಿಸಿದ್ದೆ. ಅದರ ಬೀಗದ ಕೈ ಸಾಹುಕಾರರ ಹತ್ತಿರ.

ಬ್ಯಾಟರಿಯೂ ಮಂಕಾಗಿ ಆರಿತು. ಕತ್ತಲಲ್ಲಿ ಕುಳಿತೆ...

ಮೊದಲು ಬಂದದ್ದು ವಾಸನೆ. ಕುರಿ ಉಣ್ಣೆಯ ವಾಸನೆ, ಬೀಡಿ ಹೊಗೆಯ ವಾಸನೆ. ಆಮೇಲೆ ಸದ್ದು. ಕಿರ್ರ್... ಕಿರ್ರ್... ರಾಟೆಯ ಮೇಲೆ ಹಗ್ಗ ಜಾರುವ ಸದ್ದು.

ಹಗ್ಗವೇ ಇರಲಿಲ್ಲ!

"ಚಿಕ್ಕಣ್ಣ... ನೀನಾ?" ಎಂದು ಕತ್ತಲಿಗೇ ಕೇಳಿದೆ.

"ಹ್ರ್ರ್... ಹ್ರ್ರ್..."

ನನ್ನ ಕಿವಿಯ ಹತ್ತಿರವೇ. ಯಾರೋ ಎರಡು ಬೆರಳಲ್ಲಿ ನನ್ನ ಕಿವಿಯ ತುದಿ ಹಿಡಿದು, ಚಳಿ ನೋಡಿ, ಬಿಟ್ಟರು. ತಲೆಯ ಮೇಲೆ ಕಂಬಳಿಗಳು ಒಂದೊಂದಾಗಿ ಹರಡಿಕೊಂಡವು. ಮೆಲ್ಲಗೆ ಮೈ ಬೆಚ್ಚಗಾಯಿತು, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಬೆಳಗಿನ ಜಾವ ಕರೆಂಟ್ ಬಂತು. ಚಿಲಕ ಹಾಕಿದಂತೆಯೇ ಇತ್ತು. ಒಂದು ಸಸಿಯೂ ಬಾಡಿರಲಿಲ್ಲ.

ಸಾಹುಕಾರರು ಬಂದು ಪರದೆ ನೋಡಿದರು. "ಮೋಟರೇ ಎಳೀತೇನ್ರಿ?"

ಇಲ್ಲ ಎಂದಿದ್ದರೆ ಸಾಕಿತ್ತು, ಚಿಕ್ಕಣ್ಣನ ಕೆಲಸ ಉಳಿಯುತ್ತಿತ್ತು. "ಹೌದು ಸಾರ್, ಮೋಟರೇ" ಎಂದೆ. ಅವನ ಅನ್ನಕ್ಕೆ ಕಲ್ಲು ಹಾಕಿ ಕುರ್ಚಿಯಲ್ಲಿ ಕೂತೆ.

ವಾರ ಬಿಟ್ಟು ಅವನ ಸ್ವಂತ ಕಂಬಳಿಯನ್ನು ಬಿಚ್ಚಿಸಿ, ಕೊಡಲೆಂದು ಅವನ ಮನೆಗೆ ಹೋದೆ. "ಬರ್ರಿ ಸ್ವಾಮಿ, ಕುಂತ್ಕಳ್ರಿ" ಎಂದ. ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು.

ಅವನ ಹೆಂಡತಿ ಹೇಳಿದಳು: "ಹೋದ ವಾರ ಒಂದಿನ ರಾತ್ರಿಯೆಲ್ಲ ನಿದ್ದೆಗಣ್ಣಾಗೆ ಬರೀ ಗಾಳಿ ಎಳೀತಿದ್ರು ಕಣಪ್ಪ. ಎಬ್ಬಿಸಿದ್ರೂ ಏಳ್ಲಿಲ್ಲ. ಬೆಳಿಗ್ಗೆ ನೋಡಿದ್ರೆ ಅಂಗೈ ತುಂಬ ಬೊಬ್ಬೆ, ಹಗ್ಗ ಜಗ್ಗಿದಂಗೆ."

ಚಿಕ್ಕಣ್ಣ ನನ್ನನ್ನೇ ನೋಡಿದ. "ಅವತ್ತು ಅಲ್ಲಿ ಕರೆಂಟ್ ಇತ್ತಾ ಸ್ವಾಮಿ?"

"ಇತ್ತು ಚಿಕ್ಕಣ್ಣ. ಮೋಟರೇ ಎಳೀತು."

"ಹಂಗಾರೆ ಸರಿ ಬಿಡ್ರಿ" ಎಂದ. ಆಮೇಲೆ ನಾನು ತಂದ ಕಂಬಳಿಯನ್ನು ಬಟ್ಟೆ ಸುತ್ತಿದ ಕೈಯಿಂದ ನನ್ನ ಹೆಗಲಿಗೇ ಹಾಕಿದ. "ನೀವೇ ಇಟ್ಕಳ್ರಿ. ಅಲ್ಲಿ ಚಳಿ ಜಾಸ್ತಿ ಐತೆ."

ಆ ಕಂಬಳಿ ಇಂದಿಗೂ ನನ್ನ ಟ್ರಂಕಿನಲ್ಲಿದೆ. ಒಂದು ದಿನವೂ ಹೊದ್ದಿಲ್ಲ. ಮಾಗಿಯ ರಾತ್ರಿಗಳಲ್ಲಿ ಮುಚ್ಚಳ ತೆಗೆದು ಮುಟ್ಟಿ ನೋಡುತ್ತೇನೆ. ಮಿಕ್ಕ ಬಟ್ಟೆಗಳೆಲ್ಲ ತಣ್ಣಗಿರುತ್ತವೆ... ಅದೊಂದು ಮಾತ್ರ, ಈಗಷ್ಟೇ ಯಾರೋ ಹೊದ್ದು ಎದ್ದು ಹೋದಂತೆ ಬೆಚ್ಚಗಿರುತ್ತದೆ.