ಸೊನ್ನೆ ಬೆಲೆಯ ಮಾಳಿಗೆ

ಎಡ ಅಂಗೈಯನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು ನಮ್ಮ ಸರ್. ಮನೆಯವರು ಗಾಬರಿಯಾಗಿ ನನ್ನ ಮುಖ ನೋಡುತ್ತಿದ್ದರು. ವಿಜಯಪುರದ ಬ್ಯಾಂಕೊಂದಕ್ಕೆ ಮನೆಗಳ ಬೆಲೆ ಕಟ್ಟಿಕೊಡುವುದು ಅವರ ಕೆಲಸ. ಟೇಪು ಹಿಡಿದು ಹಿಂದೆ ಓಡಾಡುವುದು ನನ್ನದು. ಬೇಸಿಗೆಯಲ್ಲೂ ಮಧ್ಯಾಹ್ನ ಎರಡಕ್ಕೇ ಹೊರಡುತ್ತಿದ್ದರು. ತಂಪು ಹೊತ್ತಿನಲ್ಲಿ ಎಲ್ಲ ಮನೆಯೂ ಒಳ್ಳೆಯ ಮನೆಯೇ ಎನ್ನುವರು.

ತಿಕೋಟಾದಲ್ಲಿ ಊರೆಲ್ಲ ಅಕ್ಕ ಎನ್ನುವ ಹಾಗೆ ಹೊಲಿಗೆಯ ಆಪಾ ಎಂದು ಕರೆಯುವ ಹೆಂಗಸಿನ ಮನೆ. ದಪ್ಪ ಕಲ್ಲಿನ ಗೋಡೆ, ಸೂರಿಗೆ ಮಣ್ಣಿನ ಮಾಳಿಗೆ, ಮೇಲೆ ಆರು ಸೋಲಾರ್ ಹಲಗೆ, ಅಂಗಳದಡಿ ಮಳೆನೀರಿನ ತೊಟ್ಟಿ. ಶಾಲೆಯ ಸಮವಸ್ತ್ರ ಹೊಲಿಯುವ ಗುತ್ತಿಗೆ ಬಂದಿತ್ತು. ಇನ್ನೆರಡು ಯಂತ್ರ ಕೊಳ್ಳಲು ಆಪಾ ಮನೆಯ ಮೇಲೆ ಸಾಲ ಕೇಳಿದ್ದರು. ಸರ್ ಮೊದಲ ಬಾರಿ ವರದಿಯನ್ನು ನನಗೇ ಬರೆಯಲು ಬಿಟ್ಟರು. ನಾನೋ ಮಹಾ ಜಾಣ! ಸೋಲಾರ್ ಹಲಗೆಗಳನ್ನು ಫ್ಯಾನು, ಕಪಾಟಿನ ಜೊತೆ ಎತ್ತಿಕೊಂಡು ಹೋಗುವ ಸಾಮಾನಿಗೆ ಸೇರಿಸಿ ಬೆಲೆಯಿಂದ ಹೊರಗಿಟ್ಟೆ. ಮಾಳಿಗೆಗೆ ವಯಸ್ಸಾಗಿದೆ ಎಂದು ಸವಕಳಿ ಕಳೆದು ಸೊನ್ನೆ ಬರೆದೆ. ತೊಟ್ಟಿಗೆ ಫಾರ್ಮಿನಲ್ಲಿ ಕಾಲಂ ಇರಲಿಲ್ಲ, ಬಿಟ್ಟೆ.

ಸರ್ ಬೈಯಲಿಲ್ಲ. ಮರುದಿನ ಸುಡುಬಿಸಿಲಲ್ಲಿ ಆಪಾನ ಮನೆಯಲ್ಲಿ ನನ್ನನ್ನು ಒಂದು ತಾಸು ಕೂರಿಸಿದರು, ಆಮೇಲೆ ಪಕ್ಕದ ಹೊಸ ಕಾಂಕ್ರೀಟು ಮನೆಯಲ್ಲಿ ಇನ್ನೊಂದು ತಾಸು. ಅಲ್ಲಿ ಫ್ಯಾನಿದ್ದರೂ ಅಂಗಿ ಬೆನ್ನಿಗೆ ಅಂಟಿತು.

"ಯಾವ ಮನ್ಯಾಗ ಇರ್ತಿ ಹೇಳು," ಎಂದರು. ನಾನು ಆಪಾನ ಮಾಳಿಗೆಯತ್ತ ಕೈ ತೋರಿದೆ. "ಹಂಗಾರ ಸೊನ್ನಿ ಯಾಕ ಬರದಿ?"

ವರ್ಷದ ಕರೆಂಟು ಬಿಲ್ಲುಗಳನ್ನು ಲಗತ್ತಿಸಿ, ಹಲಗೆ, ಮಾಳಿಗೆ, ತೊಟ್ಟಿ ಮೂರಕ್ಕೂ ಬೆಲೆ ಕಟ್ಟಿ ತಾವೇ ಹೊಸ ವರದಿ ಬರೆದರು. ಬ್ಯಾಂಕಿನ ಮ್ಯಾನೇಜರು ವಾಪಸು ಕಳಿಸಿದ. ಕಾಲಂ ಇಲ್ಲದ್ದಕ್ಕೆ ಬೆಲೆಯೂ ಇಲ್ಲವಂತೆ. ಹೀಗನ್ನುವವನ ಕೋಣೆಯಲ್ಲಿ ಎರಡು ಎಸಿ! ಸರ್ ಒಂದಕ್ಷರ ತಿದ್ದಲಿಲ್ಲ. ಬ್ಯಾಂಕಿನವರು ಮೌಲ್ಯಮಾಪಕರ ಪಟ್ಟಿಯಿಂದ ಅವರ ಹೆಸರನ್ನೇ ತೆಗೆದರು. ಸಾಲ ಸಿಗದೆ ಸಮವಸ್ತ್ರದ ಗುತ್ತಿಗೆ ಬಬಲೇಶ್ವರದ ಬೇರೆಯವರ ಪಾಲಾಯಿತು. ಮಾಳಿಗೆಗೆ ಸೊನ್ನೆಯೇ ಎಂದು ಬ್ಯಾಂಕು ಅಂದ ಸುದ್ದಿ ಹೇಳಲು ಹೋದ ನನ್ನನ್ನು ಆಪಾ ಕೇಳಿದ್ದು ಒಂದೇ ಮಾತು: "ತಲಿ ಮ್ಯಾಲಿನ ಮಾಳಿಗಿ ಸೊನ್ನಿ ಅಂದ್ರ, ಇಷ್ಟು ದಿನ ನಾ ಎಲ್ಲಿ ಇದ್ದೇನ್ರಿ?" ಇಂದಿಗೂ ನೆನೆದರೆ ಮೈ ಉರಿಯುತ್ತದೆ.

ಖಾಲಿಯಾದ ಜಾಗಕ್ಕೆ, ಅಷ್ಟರಲ್ಲಿ ಮೌಲ್ಯಮಾಪಕರ ಪರೀಕ್ಷೆ ಮುಗಿಸಿದ್ದ ನನ್ನ ಹೆಸರು ಬಂತು. ಬೇಡ ಅನ್ನುವ ಧೈರ್ಯ ನನಗಿರಲಿಲ್ಲ. ಅಂಜುತ್ತಲೇ ಹೇಳಲು ಹೋದರೆ ಸರ್ ಚಹಾ ತರಿಸಿದರು. "ತಗೋ, ಒಲ್ಲೆ ಅನಬ್ಯಾಡ. ಆದ್ರ ಒಳಗ ಕುಂತು ನೋಡಲಾರದ ಯಾವ ಮನಿಗೂ ಬೆಲಿ ಕಟ್ಟಬ್ಯಾಡ."

ಎರಡು ವರ್ಷ ನಾನು ಕೂರಲೂ ಇಲ್ಲ, ನೋಡಲೂ ಇಲ್ಲ. ಬ್ಯಾಂಕು ಬಯಸಿದ್ದನ್ನೇ ಬರೆದೆ. ಹೊನವಾಡ, ಅರಕೇರಿಯ ಎಷ್ಟು ಮಾಳಿಗೆಗಳಿಗೆ ಸೊನ್ನೆ ಹಾಕಿದೆನೋ! ಮ್ಯಾನೇಜರಿಗಿಂತ ನನ್ನ ಮೇಲೇ ನನಗೆ ಹೆಚ್ಚು ಸಿಟ್ಟು.

ಈ ಸಲ ಚಳಿಗಾಲದಲ್ಲಿ ಸರ್ ತೀರಿಕೊಂಡರು. ಬೇಸಿಗೆಯಲ್ಲಿ ಆಪಾನ ಅರ್ಜಿ ಮತ್ತೆ ಬಂತು, ನನ್ನ ಮೇಜಿಗೆ. ಹೋಗಿ ಒಂದು ತಾಸು ಕೂತೆ. ಹಲಗೆ, ಮಾಳಿಗೆ, ತೊಟ್ಟಿ ಮೂರಕ್ಕೂ ಬೆಲೆ ಬರೆದೆ. ತಿದ್ದಿಕೊಡಲು ಮ್ಯಾನೇಜರು ಎರಡು ಸಲ ಫೋನು ಮಾಡಿದ, ತಿದ್ದಲಿಲ್ಲ. ಆಪಾನಿಗೆ ಈ ಸಲವೂ ಸಾಲ ಸಿಗಲಿಲ್ಲ, ಪಟ್ಟಿಯಲ್ಲಿ ನನ್ನ ಹೆಸರೂ ಉಳಿಯಲಿಲ್ಲ. ಇದನ್ನು ನಾನು ಹೇಳಬೇಕಿದ್ದದ್ದು ಒಬ್ಬರಿಗೇ. ಹೇಳೋಣವೆಂದರೆ ಅವರೇ ಇಲ್ಲ.