ತಂಗಿಗೆ ಕೊಟ್ಟ ಒಂದು ತಾಸು

ಇಂಟರ್ ಪರೀಕ್ಷೆಯ ಗಣಿತದಲ್ಲಿ ನಪಾಸಾಗಿ ನಾನು ಬೆಳಗಾವಿಯಿಂದ ಗೋಕಾಕದ ಮನೆಗೆ ಬಂದ ಬೇಸಿಗೆ ಅದು. ರಜೆ ಮುಗಿದರೆ ಮತ್ತೆ ಪರೀಕ್ಷೆ. ಮರುದಿನವೇ ವೇಳಾಪತ್ರಿಕೆ ಬರೆದು ಪಡಸಾಲೆಯ ಗೋಡೆಗೆ ಅಂಟಿಸಿದೆ. ನಸುಕಿನಲ್ಲಿ ಬೀಜಗಣಿತ, ಹೊಳೆಯಲ್ಲಿ ಸ್ನಾನ, ಊಟದವರೆಗೆ ಇಂಗ್ಲಿಷು.

ತಂಗಿ ಅದನ್ನು ಬೆರಳಿಟ್ಟು ಓದಿದಳು. ಅವಳಿಗಾಗ ಹದಿನಾಲ್ಕು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಡಿಸಿದ್ದರು. ಆಮೇಲೆ ನನ್ನ ಹಳೆಯ ಪುಸ್ತಕಗಳೇ ಅವಳ ಶಾಲೆ.

"ಅಣ್ಣಾ, ಇದರಾಗ ನನಗೊಂದು ತಾಸು ಕೊಡ್ತೀಯೇನು? ಏಳನೇ ಇಯತ್ತೆ ಮುಲ್ಕಿ ಪರೀಕ್ಷಾಕ್ಕ ಕುಂದರ್ತೀನಿ. ಪಾಸಾದ್ರ ಸಾಲ್ಯಾಗ ಕಲಿಸೂ ಅಕ್ಕೋರ ಆಗಬಹುದಂತ."

ಊಟದ ನಂತರದ ತಾಸು ಕೊಟ್ಟೆ. ಹೇಗೂ ನನಗೆ ತೂಕಡಿಕೆ ಬರುವ ಹೊತ್ತು. ಮೂರು ವಾರದಲ್ಲಿ ಅವಳು ಅಪೂರ್ಣಾಂಕ ಮುಗಿಸಿ ಬಡ್ಡಿಯ ಲೆಕ್ಕಕ್ಕೆ ಬಂದಿದ್ದಳು. ಒಂದು ದಿನ ನನ್ನ ಬೀಜಗಣಿತದ ವಹಿಯನ್ನೇ ನೋಡುತ್ತ, "ಮ್ಯಾಲಿನ ಸಾಲಿನಾಗ ಕಳಿಯೂದು ಐತಿ, ಕೆಳಗ ಕೂಡಿಸೀಯಲ್ಲ" ಅಂದಳು. ಖರೇನೇ. ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಅಷ್ಟರಲ್ಲಿ ಮೂಡಲಗಿಯಿಂದ ತಂಗಿಗೆ ಸಂಬಂಧ ಕೇಳಿಕೊಂಡು ಬಂದರು. ನಾಲ್ಕು ದಿನ ಮನೆ ತುಂಬ ಬೀಗರು, ಮಾತು. ನನ್ನ ಅಭ್ಯಾಸ ಹಿಂದೆ ಬಿತ್ತು. ಐದನೆಯ ದಿನ ಅಪ್ಪ ಬಂದು ನನ್ನ ಬಾಜೂ ಕೂತರು.

"ಹುಡುಗ ಚಲೋ ಅದಾನ. ಆದ್ರ ಇಕಿ ಓದ್ತೀನಿ ಅಂತಾಳ. ಕಲ್ತಾಂವ ನೀನು, ಏನಂತಿ? ಒಂದು ವರ್ಷ ತಡೀರಿ ಅಂತ ಹೇಳ್ಲೇನು?"

ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. "ನಿಮಗ ಹೆಂಗ ತಿಳೀತೈತಿ ಹಂಗ ಮಾಡ್ರಿ" ಅಂದೆ. ಅಪ್ಪ ಎದ್ದು ಹೋದ ಮೇಲೆ ನೋಡಿದರೆ, ಅಡಿಗೆಮನೆಯ ಬಾಗಿಲ ಅಂಚಿನಲ್ಲಿ ತಂಗಿಯ ಬೆರಳುಗಳು ಕಂಡವು.

ಮರುದಿನ ಊಟವಾದ ಮೇಲೆ ಅವಳು ಬರಲಿಲ್ಲ. ನಾನೂ ಕರೆಯಲಿಲ್ಲ. ರಜೆ ಮುಗಿಯುವುದರೊಳಗೆ ಮದುವೆಯಾಯಿತು. ನಾನು ಪಾಸಾದೆ.

ಮೂರನೆಯ ವರ್ಷ ಬಾಣಂತಿ ಜ್ವರದಲ್ಲಿ ತಂಗಿ ತೀರಿಕೊಂಡಳು. ಮಣ್ಣು ಮಾಡಿ ಬಂದು ಜಗಲಿಯ ಮೇಲೆ ಕೂತಾಗ ಅವಳ ಗಂಡ ಮೆಲ್ಲಗೆ ಹೇಳಿದ, "ಓದೂ ಆಸೆ ಭಾಳ ಇತ್ತಂತ ನಿಮ್ಮ ಅವ್ವಾರು ಈಗ ಹೇಳಿದ್ರು. ನನಗ ಒಮ್ಮೀನೂ ಹೇಳ್ಲಿಲ್ಲರಿ. ಹೇಳಿದ್ರ ಕಲಿಸ್ತಿದ್ನಿ."

ಅವನು ಸುಳ್ಳು ಹೇಳುವವನಲ್ಲ. ಅಪ್ಪ ಅಂದು ನನ್ನನ್ನು ಕೇಳಿದ್ದರೆಂದು ಅವನಿಗೆ ಹೇಳಬೇಕೆಂದು ಬಾಯಿ ತೆರೆದೆ. "ಏಳ್ರಿ, ಜಳಕಾ ಮಾಡ್ರಿ" ಅಂದೆ.